ಪಥ ಬದಲಾದರೆ ಸಂಕಲ್ಪ ಕೆಡುವುದೇ?

ಬೇಸಗೆಯ ರಜೆ ಬಂದಿತೆಂದರೆ ಕನ್ನಡನಾಡಿನ ಊರೂರುಗಳಿಂದ ಭಕ್ತರ ತಂಡಗಳು ಹಿಮವತ್ಕೇದಾರದತ್ತ ಹೊರಡುವುದು ವಾಡಿಕೆ. ಪಂಚಪೀಠಗಳಲ್ಲಿ ಒಂದಾದ ಕೇದಾರವು ವೀರಶೈವರಿಗೆ ಪರಸ್ಥಳವಲ್ಲ. ಅಲ್ಲಿಯ ರಾವಲರು ವೀರಶೈವ ಜಂಗಮ ಪರಂಪರೆಗೆ ಸೇರಿದವರು. ಹರಿದ್ವಾರದವರೆಗೆ ರೈಲು, ಅಲ್ಲಿಂದ ಮುಂದೆ ಬಾಡಿಗೆಯ ವಾಹನ, ದೇವಪ್ರಯಾಗ, ರುದ್ರಪ್ರಯಾಗ, ಗುಪ್ತಕಾಶಿಗಳನ್ನು ದಾಟಿ ಸೋನ್‌ಪ್ರಯಾಗದವರೆಗೆ ಬೆಟ್ಟದ ದಾರಿ, ಗೌರೀಕುಂಡದಿಂದ ಕಾಲ್ನಡಿಗೆ, ಇರುಳಿಗೆ ದೊರೆತಲ್ಲಿ ಗುಡಾರದ ಬಿಡಾರ. ಯಾವ ದಿನ ಎಲ್ಲಿ ಸ್ನಾನ, ಎಲ್ಲಿ ಪೂಜೆ, ಎಲ್ಲಿ ವಸತಿ ಎಂಬುದೆಲ್ಲವೂ ತಿಂಗಳುಗಳ ಮೊದಲೇ ಮನೆಯಲ್ಲಿ ಕುಳಿತು ಬರೆದಿಟ್ಟ ಹಾಳೆಯಲ್ಲಿ ನಿಶ್ಚಿತವಾಗಿರುತ್ತದೆ. ದಾರಿಯಲ್ಲಿ ಆ ಹಾಳೆಯನ್ನು ತಿದ್ದಬೇಕಾಗಿ ಬಂದಾಗ ಮನುಷ್ಯನ ಮನಸ್ಸು ಪರೀಕ್ಷೆಗೆ ಒಳಗಾಗುತ್ತದೆ.

ಅಂತಹ ಒಂದು ತಂಡವನ್ನು ಊಹಿಸಿಕೊಳ್ಳಬಹುದು. ಹನ್ನೆರಡು ಜನ. ಗೌರೀಕುಂಡದಲ್ಲಿ ಎರಡು ದಿನದಿಂದ ಬಿಡದ ಮಳೆ. ತಂಡದ ಹಿರಿಯಳಾದ ಮುದುಕಿಗೆ ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಉಸಿರು ಹಿಡಿಯುತ್ತಿದೆ. ಹಾಳೆಯ ಪ್ರಕಾರ ನಾಳೆ ಕೇದಾರವನ್ನೇರಿ, ನಾಡಿದ್ದು ಇಳಿದು, ಆ ಸಂಜೆಯೇ ಬದರಿಯ ದಾರಿ ಹಿಡಿಯಬೇಕು. ಹಿಡಿದ ಸಂಕಲ್ಪವನ್ನು ಬಿಡುವುದು ಭಕ್ತರ ಲಕ್ಷಣವಲ್ಲವೆಂದು ಯಜಮಾನನು ಹೇಳುತ್ತಾನೆ. ಜೀವವಿದ್ದರಲ್ಲವೆ ಯಾತ್ರೆ, ಇಲ್ಲಿಂದಲೇ ತಿರುಗೋಣವೆಂದು ಅವನ ತಮ್ಮನು ಹೇಳುತ್ತಾನೆ. ಇಬ್ಬರೂ ಧರ್ಮದ ಹೆಸರಿನಲ್ಲಿಯೇ ಮಾತನಾಡುತ್ತಾರೆ. ಯಾರ ಮಾತು ಧರ್ಮ?

ಯಜಮಾನನ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಶರಣಮಾರ್ಗದಲ್ಲಿ ನಿಷ್ಠೆಗಿರುವ ಸ್ಥಾನವು ದೊಡ್ಡದು. ಷಟ್‌ಸ್ಥಲಗಳಲ್ಲಿ ಭಕ್ತಸ್ಥಲವನ್ನು ದಾಟಿದವನು ಮಾಹೇಶ್ವರನಾಗುವುದು ನಿಷ್ಠೆಯ ಬಲದಿಂದಲೇ. ಬೀಸಿದ ಗಾಳಿಗೆಲ್ಲ ಬಾಗಿ, ಸಿಕ್ಕ ನೆಪಕ್ಕೆಲ್ಲ ದಾರಿ ಬಿಡುವವನು ಯಾವ ಊರನ್ನೂ ಮುಟ್ಟಲಾರನು. ಈ ಯಾತ್ರೆಗೆಂದು ವರ್ಷಗಟ್ಟಲೆ ಕಾಸು ಕೂಡಿಸಿದವರು ಆ ತಂಡದಲ್ಲಿರಬಹುದು. ಮತ್ತೊಮ್ಮೆ ಬರುವ ಯೋಗ ಅವರಿಗಿಲ್ಲದೆ ಇರಬಹುದು. ಅವರ ಪಾಲಿಗೆ ಹಿಂದಿರುಗುವುದು ಸಣ್ಣ ನಷ್ಟವಲ್ಲ.

ಆದರೆ ಇಲ್ಲಿ ವಿಚಾರಿಸಬೇಕಾದುದು ನಿಷ್ಠೆ ಯಾವುದರಲ್ಲಿ ಎಂಬುದನ್ನು. ಲಿಂಗದಲ್ಲಿಯೋ, ಹಾಳೆಯಲ್ಲಿಯೋ? ಸಂಕಲ್ಪವು ಹೃದಯದಲ್ಲಿ ಹುಟ್ಟಿದುದು; ಯೋಜನೆಯು ಅದನ್ನು ನೆರವೇರಿಸಲು ಬುದ್ಧಿಯು ಕಟ್ಟಿಕೊಂಡ ಉಪಾಯ. ಉಪಾಯವು ಅಳಿದರೂ ಸಂಕಲ್ಪವು ಉಳಿಯಬಲ್ಲುದು. ಕೇದಾರದ ದಾರಿಯೇ ಇದಕ್ಕೆ ಸಾಕ್ಷಿ. 2013ರ ಜೂನ್ 16 ಮತ್ತು 17ರಂದು ಸುರಿದ ಮಹಾಮಳೆಗೆ ಮಂದಿರದ ಮೇಲ್ಭಾಗದ ಚೋರಾಬಾರಿ ಸರೋವರವು ಒಡೆದು, ಸಾವಿರಾರು ಜನ ಅಸುನೀಗಿದರು. ಯಾತ್ರಿಕರು ತಂಗುತ್ತಿದ್ದ ರಾಮಬಾಡಾ ಎಂಬ ನೆಲೆಯು ಹೆಸರು ಮಾತ್ರ ಉಳಿಯುವಂತೆ ಕೊಚ್ಚಿಹೋಯಿತು. ಗೌರೀಕುಂಡದಿಂದ 14 ಕಿಲೋಮೀಟರ್ ಇದ್ದ ಹಳೆಯ ದಾರಿಯು ಹರಿದುಹೋಗಿ, ರಾಮಬಾಡಾದ ಬಳಿ ಮಂದಾಕಿನಿಯನ್ನು ದಾಟಿ ಆಚೆಯ ದಡದಲ್ಲೇರುವ, ಸುಮಾರು 16 ಕಿಲೋಮೀಟರಿನ ಹೊಸ ದಾರಿಯು ನಿರ್ಮಿತವಾಯಿತು. 2024ರ ಜುಲೈ 31ರ ರಾತ್ರಿಯ ಮಳೆಗೆ ಅದೂ ಹಲವೆಡೆ ಕುಸಿದು, ಸಾವಿರಾರು ಯಾತ್ರಿಕರನ್ನು ಕೆಳಕ್ಕೆ ಕರೆತರಬೇಕಾಯಿತು. ಹಿರಿಯರು ನಡೆದ ದಾರಿಯು ಹಾಗೆಯೇ ಉಳಿಯಲಿಲ್ಲ. ಆದರೂ ಕೇದಾರಯಾತ್ರೆಯು ನಿಂತಿತೆಂದು ಯಾರೂ ಹೇಳರು.

ದಾರಿಯಷ್ಟೇ ಅಲ್ಲ, ಅಲ್ಲಿಯ ದೇವರೂ ಋತುವನ್ನರಿತು ನಡೆಯುತ್ತಾನೆ. ಯಮದ್ವಿತೀಯೆಯಂದು ಮಂದಿರದ ಬಾಗಿಲು ಮುಚ್ಚಿದ ಮೇಲೆ ಕೇದಾರನಾಥನ ಪಂಚಮುಖಿ ಉತ್ಸವಮೂರ್ತಿಯನ್ನು ಪಲ್ಲಕ್ಕಿಯಲ್ಲಿ ಕುಳ್ಳಿರಿಸಿ ಕೆಳಗಿನ ಉಖೀಮಠಕ್ಕೆ ಬಿಜಯಂಗೈಸುತ್ತಾರೆ. ಹಿಮ ಕವಿದ ಆ ತಿಂಗಳುಗಳಲ್ಲಿ ಪೂಜೆಯು ಅಲ್ಲಿಯ ಓಂಕಾರೇಶ್ವರ ಮಂದಿರದಲ್ಲಿ ನಡೆಯುತ್ತದೆ; ಮುಂದಿನ ವರ್ಷ ಬಾಗಿಲು ತೆರೆಯುವ ದಿನವೂ ಮಹಾಶಿವರಾತ್ರಿಯಂದು ಅಲ್ಲಿಯೇ ಗೊತ್ತಾಗುತ್ತದೆ. ಹಿಮದೊಡನೆ ಹಟ ಹಿಡಿಯದ ಸ್ವಾಮಿಯ ಭಕ್ತನು ಮಳೆಯೊಡನೆ ಹಟ ಹಿಡಿಯುವುದು ಯಾವ ನಿಷ್ಠೆ?

ಶರಣರ ಚರಿತ್ರೆಯಲ್ಲಿಯೂ ಇದಕ್ಕೆ ನಿದರ್ಶನವುಂಟು. ರಾಘವಾಂಕನು ಹಾಡಿದ ಸಿದ್ಧರಾಮನ ಕಥೆಯಲ್ಲಿ, ಮಲ್ಲಯ್ಯನನ್ನು ಅರಸುತ್ತ ಶ್ರೀಶೈಲಕ್ಕೆ ಹೋದ ಬಾಲಕನಿಗೆ ದೊರೆತ ಅಪ್ಪಣೆಯೇನು? ಸೊನ್ನಲಿಗೆಗೆ ಹಿಂದಿರುಗು ಎಂಬುದು. ಮಲ್ಲಯ್ಯನ ಬಳಿಯೇ ನಿಲ್ಲುವೆನೆಂಬ ಅವನ ಆಸೆಯು ಮುರಿಯಿತು. ಆದರೆ ಸೊನ್ನಲಿಗೆಯಲ್ಲಿ ಕೆರೆಯು ತುಂಬಿತು, ಅದೇ ಒಂದು ಕ್ಷೇತ್ರವಾಯಿತು. ಮುಂದೆ ಅಲ್ಲಮಪ್ರಭುವು ಬಂದು ಆ ಕೆರೆ ಗುಡಿಗಳ ಅಭಿಮಾನವನ್ನೂ ಪ್ರಶ್ನಿಸಿದಾಗ ಸಿದ್ಧರಾಮನು ತನ್ನ ದಾರಿಯನ್ನು ಮತ್ತೊಮ್ಮೆ ತಿದ್ದಿಕೊಂಡು ಕಲ್ಯಾಣಕ್ಕೆ ನಡೆದನೆಂದು ಶೂನ್ಯಸಂಪಾದನೆಯು ತಿಳಿಸುತ್ತದೆ. ಆತನು ಎರಡು ಸಲ ಪಥವನ್ನು ಬದಲಿಸಿದನು. ಎರಡು ಸಲವೂ ಸುಖವನ್ನು ಅರಸಿ ಅಲ್ಲ. ಒಮ್ಮೆ ಪರರ ಹಿತಕ್ಕಾಗಿ, ಒಮ್ಮೆ ಸತ್ಯಕ್ಕಾಗಿ. ಆದುದರಿಂದಲೇ ಅದು ಚಾಂಚಲ್ಯವೆನಿಸಲಿಲ್ಲ.

ಇದರಿಂದ ಪರೀಕ್ಷೆಯ ಕಲ್ಲೊಂದು ದೊರೆಯುತ್ತದೆ. ಯೋಜನೆಯನ್ನು ಕಟ್ಟುವವನು ಒಬ್ಬ. ಅದರ ಭಾರವನ್ನು ಹೊರುವವರು ಹಲವರು. ಗೌರೀಕುಂಡದಿಂದ ಕೇದಾರಕ್ಕೆ ಸುಮಾರು 1,600 ಮೀಟರ್ ಏರಬೇಕು. ಸುಮಾರು 3,580 ಮೀಟರ್ ಎತ್ತರದ ಆ ನೆಲೆಯಲ್ಲಿ ಪ್ರತಿ ಉಸಿರಿಗೆ ದೊರೆಯುವ ಪ್ರಾಣವಾಯುವು ಕಡಲದಡದಲ್ಲಿ ದೊರೆಯುವುದರ ಮೂರನೆಯ ಎರಡು ಪಾಲಿನಷ್ಟೇ. ಒಂದೇ ದಿನದಲ್ಲಿ ಏರಿದವರಿಗೆ ತಲೆನೋವು, ವಾಂತಿ, ಉಬ್ಬಸಗಳು ಬಂದರೆ ಕೆಳಗಿಳಿಯುವುದೇ ಮೊದಲ ಮದ್ದು. ಯಜಮಾನನ ಹಟದ ಬೆಲೆಯನ್ನು ತೆರಬೇಕಾದುದು ಮುದುಕಿಯ ಎದೆ. ದಿನಗಳನ್ನು ಹಿಸುಕಿ ಕಟ್ಟಿದ ಹಾಳೆಯ ಬೆಲೆಯನ್ನು ತೆರಬೇಕಾದುದು ನಿದ್ದೆಗೆಟ್ಟು ತಿರುವಿನ ಮೇಲೆ ತಿರುವು ಕಳೆಯುವ ಚಾಲಕನ ಕಣ್ಣು, ಜಾರುವ ಕಲ್ಲಿನ ಮೇಲೆ ಭಾರ ಹೊತ್ತು ಏರುವ ಹೇಸರಗತ್ತೆಯ ಕಾಲು. ಚಾಲಕನದೂ ಕಾಯಕವೇ. ಮತ್ತೊಬ್ಬನ ಕಾಯಕವನ್ನು ಹಿಂಡಿ ತಾನು ಪುಣ್ಯವನ್ನು ಗಳಿಸುವೆನೆಂಬುದು ದಾಸೋಹಕ್ಕೆ ನೇರ ವಿರುದ್ಧವಾದುದು. ಭಾರವು ಯಾರ ಹೆಗಲ ಮೇಲೆ ಬೀಳುತ್ತದೆಂಬುದನ್ನು ನೋಡದೆ ಹಿಡಿದ ಛಲಕ್ಕೆ ನಿಷ್ಠೆಯೆಂಬ ಹೆಸರು ಸಲ್ಲದು.

ಹಾಗಾದರೆ ತಮ್ಮನ ಮಾತೇ ಸರಿಯೆ? ಅದೂ ಇದೇ ಕಲ್ಲಿನ ಮೇಲೆ ಉಜ್ಜಲ್ಪಡಬೇಕು. ಮಳೆಯಲ್ಲಿ ಗುಡಾರ ಸೋರಿತೆಂಬ ಬೇಸರವನ್ನು ಮುದುಕಿಯ ಉಸಿರಿನ ನೆಪದಲ್ಲಿ ಮುಚ್ಚಿ ಆಡುತ್ತಿದ್ದರೆ ಅದು ಕರುಣೆಯಲ್ಲ, ಕರುಣೆಯ ವೇಷ. ಇನ್ನೂ ಒಂದು ಮಾತುಂಟು. ಅಣ್ಣತಮ್ಮಂದಿರ ವಾದದಲ್ಲಿ ಮುದುಕಿಯನ್ನು ಯಾರೂ ಕೇಳಲೇ ಇಲ್ಲ! ಅವಳ ಪ್ರಾಣದ ವಿಷಯವನ್ನು ಅವಳನ್ನು ಬಿಟ್ಟು ನಿರ್ಣಯಿಸುವುದು, ಹಟದಿಂದಲೇ ಆಗಲಿ ದಯೆಯಿಂದಲೇ ಆಗಲಿ, ಅಹಂಕಾರವೇ. ಸೂಳೆ ಸಂಕವ್ವೆಯಿಂದ ಅರಸಿ ಮಹಾದೇವಿಯವರೆಗೆ ಎಲ್ಲರ ನುಡಿಗೂ ಸಮನಾದ ಬೆಲೆ ಕೊಟ್ಟ ಶರಣಧರ್ಮದಲ್ಲಿ, ಹಿರಿಯ ಹೆಂಗಸಿನ ಬಾಯಿಂದ ಒಂದು ಮಾತು ಬರುವ ಮೊದಲೇ ತೀರ್ಮಾನವಾಗುವುದು ಒಪ್ಪತಕ್ಕುದಲ್ಲ.

ಕೇಳಿದರೆ ಅವಳು ಏನೆಂದಾಳು? ಬದರಿಯನ್ನು ಬಿಡಿ, ಇಲ್ಲಿಯೇ ಎರಡು ದಿನ ಕಾಯೋಣ. ಮಳೆ ನಿಂತು ಉಸಿರು ಹದಕ್ಕೆ ಬಂದರೆ ಏರುವೆನು, ಬಾರದಿದ್ದರೆ ಉಖೀಮಠದಲ್ಲಿ ಕುಳಿತಿರುವೆನು, ನೀವು ಹೋಗಿಬನ್ನಿ ಎನ್ನಬಹುದು. ಹೋಗಲೇಬೇಕು, ತಿರುಗಲೇಬೇಕು ಎಂಬ ಎರಡೇ ದಾರಿಗಳನ್ನು ಕಂಡ ಗಂಡಸರ ಮುಂದೆ ಮೂರನೆಯದು ತೆರೆಯುತ್ತದೆ. ಹಾಳೆಯಿಂದ ಒಂದು ಕ್ಷೇತ್ರದ ಹೆಸರು ಅಳಿಯುತ್ತದೆ. ತಂಡದಿಂದ ಒಬ್ಬ ಮನುಷ್ಯಳು ಅಳಿಯುವುದಿಲ್ಲ.

ಉಖೀಮಠದಲ್ಲಿಯೇ ಉಳಿಯಬೇಕಾದರೆ ಅವಳ ಕಣ್ಣು ತುಂಬದೆ ಇರದು. ಆ ನೋವನ್ನು ವೇದಾಂತದ ಮಾತಿನಿಂದ ಒರಸಿಹಾಕುವುದು ಸಲ್ಲದು. ಆದರೆ ಅವಳ ಕೊರಳಲ್ಲಿ ಇಷ್ಟಲಿಂಗವಿದೆ. ಗುರುವು ಅದನ್ನು ಕರಸ್ಥಲಕ್ಕೆ ಕೊಟ್ಟುದು, ಯಾವ ಬೆಟ್ಟ ಕುಸಿದರೂ ಯಾವ ದಾರಿ ಹರಿದರೂ ಭಕ್ತಳಿಗೆ ಪೂಜೆ ತಪ್ಪಬಾರದೆಂದೇ ಅಲ್ಲವೆ? ಅಂಗೈಯಲ್ಲಿ ಲಿಂಗವನ್ನಿರಿಸಿ ಅವಳು ಕಣ್ಣು ಮುಚ್ಚಿದ ಹೊತ್ತಿನಲ್ಲಿ, ಊರಿನಲ್ಲಿ ಅವಳು ಮಾಡಿದ ಸಂಕಲ್ಪವು ಮಳೆಯಲ್ಲಿ ನೆನೆಯದೆ ಹಾಗೆಯೇ ಇರುತ್ತದೆ.