ತಿರುವಿನ ಉದ್ದ

ನಾಳೆಗೆಂದು ಎತ್ತಿಡುವುದು ದೇವರ ಮೇಲಿನ ಅಪನಂಬಿಕೆಯೇ? ಶ್ರಾವಣದ ಪ್ರವಚನದಲ್ಲಿ ಶರಣೆ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ಬಂದಾಗಲೆಲ್ಲ ಈ ಪ್ರಶ್ನೆ ನನ್ನನ್ನು ಹಿಡಿದು ನಿಲ್ಲಿಸುತ್ತದೆ. ಕಲ್ಯಾಣದ ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ ಮಾರಯ್ಯ ಒಮ್ಮೆ ಬೇಕಾದುದಕ್ಕಿಂತ ಹೆಚ್ಚು ತಂದ. ಹೆಚ್ಚಿನದನ್ನು ತಂದಲ್ಲೇ ಸುರಿದು ಬಾ ಎಂದಳು ಹೆಂಡತಿ ಲಕ್ಕಮ್ಮ. ಕೇಳಿದ ಜನ ಕಣ್ಣೊರೆಸಿಕೊಂಡು ಮನೆಗೆ ಹೋಗಿ ತೊಗರಿ ಚೀಲ ಎಣಿಸಿ ಭದ್ರ ಮಾಡುತ್ತಾರೆ. ಅವರ ಭಕ್ತಿ ಸುಳ್ಳಲ್ಲ, ಮಳೆ ಕೈಕೊಟ್ಟೀತೆಂಬ ಭಯವೂ ಸುಳ್ಳಲ್ಲ. ಹಾಗಾದರೆ ಎಷ್ಟು ಇಟ್ಟುಕೊಂಡರೆ ಸರಿ?

ನಾನು ವಾಡಿಯಲ್ಲಿ ಸಿಮೆಂಟ್ ಕಾರ್ಖಾನೆಯ ಫಿಟ್ಟರ್ ಆಗಿದ್ದವನು. ಶಾಸ್ತ್ರ ಓದಿದವನಲ್ಲ. ನನಗೆ ಈ ಪ್ರಶ್ನೆ ಬಿಡಿಸಿಕೊಳ್ಳಲು ದಾರಿ ಸಿಕ್ಕಿದ್ದು ತಂಗಿಯ ಮಗನ ಹಳೆಯ ಎಸ್ಟೀಮ್ ಕಾರಿನಲ್ಲಿ. ಮಣ್ಣಿನ ಟ್ರ್ಯಾಕಿನ ಸ್ಪರ್ಧೆಗೆಂದೇ ತಯಾರಾದ ಗಾಡಿ ಅದು, ರಸ್ತೆಗೆ ಇಳಿಯುವುದಿಲ್ಲ.

ಅದರ ಕಷ್ಟ ಇದು. ಟ್ಯಾಂಕಿನಲ್ಲಿ ಪೆಟ್ರೋಲ್ ಅರ್ಧಕ್ಕಿಂತ ಕೆಳಗಿಳಿದಾಗ ಜೋರಾಗಿ ತಿರುಗಿದರೆ ಇಂಧನವೆಲ್ಲ ಒಂದು ಮಗ್ಗುಲಿಗೆ ನುಗ್ಗುತ್ತದೆ. ಪಂಪಿನ ಬಾಯಿ ಬರಿದಾಗಿ ಗಾಳಿ ಎಳೆಯುತ್ತದೆ. ಇಂಜೆಕ್ಟರಿಗೆ ಸುಮಾರು 3 ಬಾರ್ ಒತ್ತಡ ಸದಾ ಬೇಕು. ಅದು ಕುಸಿದ ಕ್ಷಣ ಇಂಜಿನ್ನಿಗೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಆಗ ಗಾಡಿ ಮುಗ್ಗರಿಸುತ್ತದೆ. ಪೂರ್ತಿ ಎಳೆತದಲ್ಲಿದ್ದರೆ ಸಿಲಿಂಡರಿನೊಳಗೆ ಬಡಿತ ಶುರುವಾಗಿ ಪಿಸ್ಟನ್ನಿನ ತಲೆ ಕರಗಲೂಬಹುದು. ಟ್ಯಾಂಕಿನಲ್ಲಿ ಹದಿನೈದು ಲೀಟರ್ ಇದ್ದೂ ಇಂಜಿನ್ ಉಪವಾಸ!

ಇದಕ್ಕೆ ಸರ್ಜ್ ಟ್ಯಾಂಕ್ ಕೂರಿಸುತ್ತಾರೆ. ಎತ್ತರವಾದ, ಸಪೂರ ಅಲ್ಯೂಮಿನಿಯಂ ಡಬ್ಬಿ. ದೊಡ್ಡ ಟ್ಯಾಂಕಿನ ಪಂಪು ಅದನ್ನು ತುಂಬುತ್ತಲೇ ಇರುತ್ತದೆ. ಡಬ್ಬಿಯ ತಳದಿಂದ ಇನ್ನೊಂದು ಪಂಪು ಹೆಚ್ಚಿನ ಒತ್ತಡದಲ್ಲಿ ಇಂಜಿನ್ನಿಗೆ ಕೊಡುತ್ತದೆ. ಇಂಜಿನ್ ಬಳಸದೆ ಬಿಟ್ಟದ್ದು ಮರಳಿ ಡಬ್ಬಿಗೇ ಬರುತ್ತದೆ. ನೆತ್ತಿಯ ಮೇಲೆ ಒಂದು ಕೊಳವೆ ಇದೆ. ಮಿಕ್ಕಿದ್ದೆಲ್ಲ ಅದರಿಂದ ದೊಡ್ಡ ಟ್ಯಾಂಕಿಗೆ ವಾಪಸ್. ಪೆಟ್ರೋಲಿನ ಕೆಲಸವಾದ್ದರಿಂದ ಡಬ್ಬಿಗೂ ಚಾಲಕನಿಗೂ ನಡುವೆ ತಗಡಿನ ಗೋಡೆ ಹಾಕಿಯೇ ಹಾಕಿದೆ.

ನಾನು ಬಹಳ ಹೊತ್ತು ಯೋಚಿಸಿದ್ದು ನೆತ್ತಿಯ ಆ ಕೊಳವೆಯ ಬಗ್ಗೆ. ಇಂಜಿನ್ ಕಡೆಯಿಂದ ಮರಳುವ ಪೆಟ್ರೋಲ್ ಬಿಸಿಯಾಗಿರುತ್ತದೆ. ಕೊಳವೆ ಮುಚ್ಚಿದರೆ ಡಬ್ಬಿಯಲ್ಲಿ ಶಾಖ ಸೇರುತ್ತದೆ, ಒತ್ತಡ ಏರುತ್ತದೆ. ಡಬ್ಬಿ ಯಾವಾಗಲೂ ತುಂಬಿರುತ್ತದೆ, ಆದರೆ ಅದೇ ಪೆಟ್ರೋಲ್ ಅಲ್ಲಿ ಉಳಿಯುವುದಿಲ್ಲ. ಲಕ್ಕಮ್ಮ ಬೇಡವೆಂದದ್ದು ತುಂಬಿದ ಮಡಕೆಯನ್ನಲ್ಲ, ವಾಪಸ್ ಹೋಗುವ ದಾರಿ ಮುಚ್ಚಿದ ಮಡಕೆಯನ್ನು ಎಂದು ನನಗೆ ಅನ್ನಿಸಿತು. ಕಾರ್ಖಾನೆಯಲ್ಲೂ ಕಿಲ್ನ್ ಎಂಬ ಕುಲುಮೆಯ ಮುಂದೆ ಇಂಥದ್ದೇ ಒಂದು ತೊಟ್ಟಿ, ಬಿನ್, ಇರುತ್ತದೆ. ಒಳಗೆ 1450 ಡಿಗ್ರಿಯಲ್ಲಿ ಬೇಯುವ ಕಿಲ್ನ್‌ಗೆ ಒಂದು ಗಳಿಗೆಯೂ ಕಚ್ಚಾಪುಡಿ ತಪ್ಪಬಾರದು. ಆ ಬಿನ್ ಖಾಲಿಯಾದರೂ ಕೆಟ್ಟದ್ದು, ಉಕ್ಕಿದರೂ ಕೆಟ್ಟದ್ದು.

"ಮಾಮಾ, ಡಬ್ಬಿ ಐದು ಲೀಟರಿಂದೇ ಮಾಡಿಸ್ರಿ, ಧೈರ್ಯ ಇರ್ತದ" ಅಂದ ಹುಡುಗ. ಲೆಕ್ಕ ಹಾಕೋಣ ಬಾ ಎಂದೆ. ನೂರು ಕುದುರೆ ಶಕ್ತಿಯ ಆಸುಪಾಸಿನ ಇಂಜಿನ್ ಪೂರ್ತಿ ಎಳೆದರೂ ಗಂಟೆಗೆ 30–35 ಲೀಟರ್, ಅಂದರೆ ನಿಮಿಷಕ್ಕೆ ಅರ್ಧ ಲೀಟರಿನಷ್ಟು ಕುಡಿಯುತ್ತದೆ. ಒಂದು ಲೀಟರ್ ಡಬ್ಬಿ ಎರಡು ನಿಮಿಷ ಕಾಯುತ್ತದೆ. ಯಾವ ತಿರುವು ಎರಡು ನಿಮಿಷ ಇರುತ್ತದೆ? ಡಬ್ಬಿಯ ಅಳತೆಯನ್ನು ತಿರುವಿನ ಉದ್ದ ಹೇಳಬೇಕು, ನಮ್ಮ ಅಂಜಿಕೆ ಹೇಳಬಾರದು. ಒಂದೂವರೆ ಲೀಟರಿಗೆ ಒಪ್ಪಿದ.

ಎಷ್ಟು ಇಟ್ಟುಕೊಳ್ಳಬೇಕೆಂಬ ಈ ಮಾತು ನಮ್ಮ ನೆಲಕ್ಕೆ ಹೊಸದಲ್ಲ. ಸೇಡಂ ತಾಲೂಕಿನ ಮಳಖೇಡದಲ್ಲಿ, ಕಾಗಿಣಾ ನದಿಯ ದಂಡೆಯಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲಕ್ಕೆ ಜೈನಧರ್ಮ ಬೆಳಗಿತ್ತು. ನೇಮಿನಾಥ ಬಸದಿ ಇಂದಿಗೂ ಅಲ್ಲಿದೆ. ಜೈನರು ಮುನಿಗೆ ಏನನ್ನೂ ಇಟ್ಟುಕೊಳ್ಳಬೇಡ ಎಂದರು, ಗೃಹಸ್ಥನಿಗೆ ಮಾತ್ರ ನಿನ್ನ ಮಿತಿ ನೀನೇ ಗೊತ್ತುಮಾಡಿ ವ್ರತ ಹಿಡಿ ಎಂದರು. ಪರಿಗ್ರಹ ಪರಿಮಾಣ ಅಂದರೆ ಅದೇ. ಚಿತ್ತಾಪುರ ತಾಲೂಕಿನ ಕನಗನಹಳ್ಳಿಯ ಸ್ತೂಪ ಇನ್ನೊಂದು ಸಂಗತಿ ಹೇಳುತ್ತದೆ. ಬೌದ್ಧ ಭಿಕ್ಷು ಇಂದು ಬಂದ ಅನ್ನವನ್ನು ನಾಳೆಗೆ ಇಟ್ಟುಕೊಳ್ಳುವಂತಿಲ್ಲ. ಆದರೆ ಆ ಸ್ತೂಪದ ಕಲ್ಲುಗಳ ಮೇಲಿರುವುದು ದಾನ ಕೊಟ್ಟವರ ಹೆಸರು. ಮನೆಯಲ್ಲಿ ಕೂಡಿಟ್ಟವರಿದ್ದರೆಂದೇ ಕೂಡಿಡದವರ ಬಾಳು ನಡೆಯಿತು.

ಇಲ್ಲಿ ನನಗೆ ಲಕ್ಕಮ್ಮನ ಕಥೆಯ ಇನ್ನೊಂದು ಮುಖ ಕಾಣುತ್ತದೆ. ಆಕೆ ಅಕ್ಕಿ ಮರಳಿಸಿದಾಗ ಕಲ್ಯಾಣದ ಅಂಗಳದಲ್ಲಿ ನಾಳೆಯೂ ಅಕ್ಕಿ ಬೀಳುತ್ತಿತ್ತು. ದೊಡ್ಡ ಟ್ಯಾಂಕು ತುಂಬಿತ್ತು, ಪಂಪು ನಡೆಯುತ್ತಿತ್ತು. ಆದರೆ ಶಹಾಬಾದಿನ ಫರ್ಸಿ ಗಣಿಯಲ್ಲಿ ದಿನಗೂಲಿಗೆ ಕಲ್ಲು ಎತ್ತುವ ಹೆಣ್ಣುಮಗಳಿಗೆ ಮಳೆಗಾಲದಲ್ಲಿ ಗಣಿ ನೀರು ತುಂಬಿದರೆ ಕೂಲಿಯಿಲ್ಲ. ಚಿಂಚೋಳಿಯ ತಾಂಡಾಗಳಿಂದ ಮುಂಬೈ, ಪುಣೆಗೆ ಗುಳೆ ಹೋಗುವವರ ತಿರುವು ತಿಂಗಳುಗಟ್ಟಲೆ ಉದ್ದ. ಅವರು ಸೀರೆಯ ಸೆರಗಿನಲ್ಲಿ ಗಂಟು ಹಾಕಿದ ಹಣ ಆಸೆಯಲ್ಲ. ಅವರ ಮುಂದೆ ಕೂಡಿಡಬೇಡಿ ಎಂದು ಉಪದೇಶಿಸುವುದನ್ನು ಕೇಳಿದರೆ ನನ್ನ ಹೊಟ್ಟೆ ಉರಿಯುತ್ತದೆ.

ಬರುವ ಶ್ರಾವಣಕ್ಕೆ ಮಠದ ಸ್ವಾಮಿಗಳಲ್ಲಿ ಒಂದು ಬಿನ್ನಹ ಮಾಡಿಕೊಳ್ಳಬೇಕೆಂದಿದ್ದೇನೆ. ಲಕ್ಕಮ್ಮನ ಪ್ರಸಂಗ ಹೇಳುವ ದಿನ ಗಣಿ ಗುತ್ತಿಗೆದಾರರನ್ನೂ ಅಡತಿ ಅಂಗಡಿಯವರನ್ನೂ ಮುಂದಿನ ಸಾಲಿಗೆ ಕರೆಸಿ, ಅವರತ್ತ ಮುಖಮಾಡಿ ಹೇಳಿರಿ ಎಂದು.