ಗಾಯನವೂ ವಾದನವೂ

ಕಂಠದ ಹಾಡು ಮೇಲೋ, ತಂತಿ ಚರ್ಮಗಳ ನಾದ ಮೇಲೋ ಎಂದು ಭಕ್ತರು ಆಗಾಗ ಕೇಳುವುದುಂಟು. ವಿಜಯಪುರಕ್ಕೆ ಈ ಪ್ರಶ್ನೆ ಹೊಸದಲ್ಲ. 1580ರಿಂದ 1627ರವರೆಗೆ ಇಲ್ಲಿ ಆಳಿದ ಎರಡನೆಯ ಇಬ್ರಾಹಿಂ ಆದಿಲಶಾಹನು ‘ಕಿತಾಬ್-ಎ-ನವರಸ್’ ಎಂಬ ಹಾಡುಗಳ ಗ್ರಂಥವನ್ನು ರಚಿಸಿದನು. ತನ್ನ ತಂಬೂರಿಗೆ ‘ಮೋತಿಖಾನ’ನೆಂದು ಹೆಸರಿಟ್ಟು ಆಪ್ತನಂತೆ ಆದರಿಸಿದನು. ಹಾಡು ಕಟ್ಟಿದವನಿಗೂ ಮಾತಿಲ್ಲದ ತಂಬೂರಿ ಅಷ್ಟು ಪ್ರಿಯವಾಗಿದ್ದಿತು.

ವಚನವೆಂದರೆ ನುಡಿದ ಮಾತು. ಆದಕಾರಣ ಶರಣರಿಗೆ ಗಾಯನವೇ ಹಿರಿದಾಗಿರಬೇಕೆಂದು ನಾವು ಭಾವಿಸುತ್ತೇವೆ. ವಿಚಾರಿಸಿದರೆ ಇವುಗಳ ಭೇದವಿರುವುದು ನಾದದಲ್ಲಲ್ಲ, ಹೊಣೆಯಲ್ಲಿ. ವಾದ್ಯಕ್ಕೆ ಶ್ರುತಿ ತಪ್ಪಬಹುದು, ಮಾತು ತಪ್ಪಲಾರದು. ನಾಲಗೆಯಾದರೋ ತಾನು ನಂಬದುದನ್ನೂ ಇಂಪಾಗಿ ಹಾಡಬಲ್ಲದು. ಸೋಮವಾರ ರಾತ್ರಿ ದಯೆಯನ್ನು ಕುರಿತ ವಚನವನ್ನು ಹಾಡಿ, ಮಂಗಳವಾರ ಅಂಗಡಿಯಲ್ಲಿ ಬಡವನಿಗೆ ತೂಕ ಕಡಿಮೆ ಮಾಡುವವನು ಸಾಲಗಾರನು. ಹಾಡಿದ ನುಡಿ ಹಾಡಿದವನ ನಡೆಯ ಮೇಲೆ ಋಣವಾಗಿ ನಿಲ್ಲುತ್ತದೆ. ವಾದಕನಿಗೆ ಈ ಋಣವಿಲ್ಲ. ಗಾಯನವು ಹಿರಿದಾದರೆ ಇದರಿಂದಲೇ ಹಿರಿದು, ಕಂಠಮಾಧುರ್ಯದಿಂದಲ್ಲ.

ತಿಕೋಟಾ, ಬಬಲೇಶ್ವರ ಭಾಗದ ಭಜನೆಗಳಲ್ಲಿ ಹಾರ್ಮೋನಿಯಂ, ತಬಲಾ, ತಾಳಗಳು ಬಹುಕಾಲದಿಂದ ನುಡಿಗೆ ಊರುಗೋಲಾಗಿವೆ. ಈಗೀಗ ಧ್ವನಿವರ್ಧಕದ ಬಲದಿಂದ ಊರುಗೋಲೇ ನಡೆಯತೊಡಗಿದೆ. ವಚನದ ಒಂದು ಪದವೂ ಕಿವಿಗೆ ಬೀಳದು. ಇದು ಹಾಡುವವನಿಗೂ ಅನುಕೂಲವೇ ಸರಿ! ಕೇಳಿಸದ ನುಡಿಗೆ ಲೆಕ್ಕ ಕೇಳುವವರಾರು? ಫ. ಗು. ಹಳಕಟ್ಟಿಯವರು ಇದೇ ವಿಜಯಪುರದಲ್ಲಿ ನೆಲೆಸಿ, ಓಲೆಗರಿಗಳನ್ನು ಅರಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನೂ 1926ರಿಂದ ‘ಶಿವಾನುಭವ’ ಪತ್ರಿಕೆಯನ್ನೂ ಹೊರತಂದರು. ಅಕ್ಷರವಕ್ಷರವಾಗಿ ಉಳಿದು ಬಂದ ಆ ನುಡಿ ಗದ್ದಲದಲ್ಲಿ ಕಳೆದುಹೋಗುವುದು ನಮಗೆ ಸರಿಯೆನಿಸದು.

ಹಾಗೆಂದು ವಾದ್ಯವು ಬರಿಯ ಆಳಲ್ಲ. ಬಸವಣ್ಣನವರು ಒಂದು ವಚನದಲ್ಲಿ ತಾಳಮಾನಗಳ ಶಾಸ್ತ್ರವನ್ನು ತಾವರಿಯೆವೆಂದು ಒಪ್ಪಿಕೊಂಡು ಹಾಡಲು ಹೊರಡುತ್ತಾರೆ. ಇನ್ನೊಂದರಲ್ಲಿ ತಮ್ಮ ದೇಹವನ್ನೇ ವೀಣೆಯಾಗಿಸಿ ನುಡಿಸೆಂದು ಬೇಡುತ್ತಾರೆ. ಅಲ್ಲಿ ಹಾಡುಗನಾಗಿದ್ದ ಭಕ್ತ ಇಲ್ಲಿ ತಾನೇ ವಾದ್ಯ. ನುಡಿಸುವಾತ ಕೂಡಲಸಂಗಮದೇವ. ನಾನು ಹಾಡಿದೆನೆಂಬ ಅಹಂಕಾರಕ್ಕೆ ಅಲ್ಲಿ ಎಡೆಯೆಲ್ಲಿ?

ಮಾತು ತಲುಪದ ಎಡೆಯೂ ಉಂಟು. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ ನಂದಿಕೋಲುಗಳು ಹೊರಟಾಗ ಆ ಜನಸಂದಣಿಗೆ ಯಾವ ಕಂಠ ಸಾಕಾದೀತು? ನಮ್ಮ ಸೀಮೆಯ ಕರಡಿ ಮಜಲು ಪಲ್ಲಕ್ಕಿಯ ಮುಂದೆ ಮೊಳಗಿದರೆ ತಾಯಿಯ ಕಂಕುಳಲ್ಲಿನ ಹಸುಳೆಯೂ, ಕನ್ನಡವರಿಯದ ದಾರಿಹೋಕನೂ ತಲೆದೂಗುವರು. ಅದಕ್ಕೆ ಅಕ್ಷರವೂ ಬೇಡ, ಅರ್ಥವೂ ಬೇಡ.

ಆದರೆ ಪಲ್ಲಕ್ಕಿ ಇಳಿದ ಮೇಲೆ ನಡೆಯುವುದೇನು? ಕರಡಿ ಬಾರಿಸಿದವರು ಕೂಲಿ ಪಡೆದು ಅಂಗಳದಲ್ಲಿ ಬೆವರೊರೆಸಿಕೊಳ್ಳುತ್ತಿರುತ್ತಾರೆ. ಒಳಗೆ ವಚನಗೋಷ್ಠಿ ಸಾಗಿರುತ್ತದೆ. ಅವರನ್ನು ಬನ್ನಿರೆಂದು ಕರೆದುದನ್ನು ನಾವು ಕಂಡುದು ಬಲು ಅಪರೂಪ. ಕಿನ್ನರಿ ಬ್ರಹ್ಮಯ್ಯನವರ ಹೆಸರಿನಲ್ಲಿಯೇ ವಾದ್ಯವಿದೆ. ಕಲ್ಯಾಣದಲ್ಲಿ ಅವರನ್ನು ಬಾಜಂತ್ರಿಯವರೆಂದು ಯಾರೂ ಹೊರಗೆ ನಿಲ್ಲಿಸಲಿಲ್ಲ. ಶೂನ್ಯಸಂಪಾದನೆಯನ್ನು ತೆರೆದು ನೋಡಿರಿ: ಅಕ್ಕಮಹಾದೇವಿಯವರು ಕಲ್ಯಾಣಕ್ಕೆ ಬಂದಾಗ ಅವರೆದುರು ನಿಂತು ಮಾತನಾಡುವವರು ಆ ಕಿನ್ನರಿಯವರೇ.