ನೋಂಪಿಯೂ ನಿದಾನವೂ

ಒಂದು ಶ್ರಾವಕ ಕುಟುಂಬವನ್ನು ಕಲ್ಪಿಸಿಕೊಳ್ಳಬಹುದು. ಪತ್ನಿಗೆ 43 ವರ್ಷ, ಪತಿಗೆ 47. ವಿವಾಹವಾಗಿ 16 ವರ್ಷಗಳು ಸಂದರೂ ಸಂತಾನವಿಲ್ಲ. ಭಾದ್ರಪದ ಶುಕ್ಲ ಚತುರ್ದಶಿಯಂದು ಆಕೆ ಅನಂತನೋಂಪಿಯನ್ನು ಹಿಡಿಯುತ್ತಾಳೆ. ಅದೇ ತಿಂಗಳಲ್ಲಿ ಪಟ್ಟಣದ ಆಸ್ಪತ್ರೆಯಲ್ಲಿ ಪ್ರನಾಳಶಿಶು ಚಿಕಿತ್ಸೆಗೂ ಹೆಸರು ಬರೆಸುತ್ತಾಳೆ. ಬಸದಿಯಲ್ಲಿ ಬೇಡುವುದೂ ಆಸ್ಪತ್ರೆಯಲ್ಲಿ ಬೇಡುವುದೂ ಒಂದೇ. ಇವೆರಡರಲ್ಲಿ ದೋಷ ಯಾವುದರಲ್ಲಿದೆ?

ಚಿಕಿತ್ಸೆಯನ್ನು ಬಯಸುವುದರಲ್ಲಿ ದೋಷವಿಲ್ಲ. ಅಣುವ್ರತಿಯಾದ ಗೃಹಸ್ಥನಿಗೆ ಸಂತಾನದ ಹಂಬಲ ನಿಷಿದ್ಧವಲ್ಲ. ಆದರೆ ವ್ರತವನ್ನು ಸಂತಾನಕ್ಕೆ ತೆರುವ ಬೆಲೆಯನ್ನಾಗಿ ಮಾಡಿದರೆ ಅದು ನಿದಾನವಾಗುತ್ತದೆ. ಮಾಯೆ, ಮಿಥ್ಯಾತ್ವ, ನಿದಾನ ಎಂಬ ಮೂರು ಶಲ್ಯಗಳಿಂದ ಮುಕ್ತನಾದವನನ್ನೇ ತತ್ತ್ವಾರ್ಥಸೂತ್ರವು ವ್ರತಿಯೆಂದು ಗಣಿಸುತ್ತದೆ. ವಿಶ್ವನಂದಿ ಮುನಿಯು ತನ್ನ ತಪಸ್ಸಿನ ಫಲವಾಗಿ ಬಲವನ್ನು ಬಯಸಿದನು. ಬಲವೇನೋ ದೊರೆಯಿತು, ತ್ರಿಪೃಷ್ಠನಾಗಿ ಹುಟ್ಟಿ ಕೊನೆಗೆ ನರಕಕ್ಕೆ ಇಳಿದನು. ನೋಂಪಿಯ ಕಥೆಗಳಲ್ಲಿ ಪುತ್ರಲಾಭದ ಮಾತು ಬರುತ್ತದೆಯಲ್ಲ ಎಂದು ಕೇಳುವವರುಂಟು. ಎಳೆಯ ಮಗುವಿಗೆ ಬೆಲ್ಲ ತೋರಿಸಿ ಕಹಿಮದ್ದು ಕುಡಿಸುವಂತೆ ಅಲ್ಲಿ ಫಲವನ್ನು ಹೇಳಿದೆ, ಬೆಲ್ಲವೇ ಮದ್ದಲ್ಲ.

ಇನ್ನು ಆಸೆಯ ಅಳತೆ. ಸತ್ಯಾಣುವ್ರತವನ್ನು ತನ್ನೊಡನೆ ತಾನು ಆಡಿಕೊಳ್ಳುವ ಮಾತಿಗೂ ಅನ್ವಯಿಸಬೇಕು. ಸ್ತ್ರೀಯು ತನ್ನ ಅಂಡಾಣುಗಳೆಲ್ಲವನ್ನೂ ಜನ್ಮದಲ್ಲಿಯೇ ಪಡೆದಿರುತ್ತಾಳೆ. 35ರ ಅನಂತರ ಅವುಗಳ ಸಂಖ್ಯೆಯೂ ಗುಣವೂ ಕುಗ್ಗುತ್ತವೆ. 40 ದಾಟಿದ ಮೇಲೆ ಇನ್ನೂ ವೇಗವಾಗಿ. ಬ್ರಿಟನ್ನಿನ ನಿಯಂತ್ರಣ ಸಂಸ್ಥೆಯ 2019ರ ಲೆಕ್ಕದಂತೆ, ಸ್ವಂತ ಅಂಡಾಣುವಿನಿಂದಾದ ಭ್ರೂಣವನ್ನು ಗರ್ಭದಲ್ಲಿರಿಸಿದಾಗ 35ಕ್ಕಿಂತ ಕಿರಿಯರಲ್ಲಿ ನೂರಕ್ಕೆ ಸುಮಾರು 32 ಸಲ ಶಿಶುಜನನವಾಯಿತು. 43 ದಾಟಿದವರಲ್ಲಿ ಐದಕ್ಕಿಂತಲೂ ಕಡಮೆ. ಅದೇ ವರ್ಷ ಗುಂಟೂರಿನಲ್ಲಿ ಎಪ್ಪತ್ತು ದಾಟಿದ ಮಹಿಳೆಯೊಬ್ಬರು ಅವಳಿಗಳನ್ನು ಹೆತ್ತ ಸುದ್ದಿಯನ್ನು ನೆರೆಹೊರೆಯವರು ಧೈರ್ಯಕ್ಕೆಂದು ಹೇಳುತ್ತಾರೆ. ಆದರೆ ಆ ಅಂಡಾಣು ಬೇರೊಬ್ಬ ತರುಣಿಯದು ಎಂಬುದನ್ನು ಹೇಳುವುದಿಲ್ಲ. ಈಗ 2021ರ ಕಾಯಿದೆಯು ಸ್ತ್ರೀಗೆ 50, ಪುರುಷನಿಗೆ 55 ವರ್ಷಗಳ ಮಿತಿಯನ್ನು ವಿಧಿಸಿದೆ.

ಮಿತಿಯೆಂಬುದು ಶ್ರಾವಕರಿಗೆ ಹೊಸ ಮಾತಲ್ಲ. ಪರಿಗ್ರಹಪರಿಮಾಣ ಮಾಡುವವನು ಸಂಪತ್ತು ಬಂದ ಮೇಲೆ ಗೆರೆ ಎಳೆಯುವುದಿಲ್ಲ, ಮೊದಲೇ ಎಳೆಯುತ್ತಾನೆ. ಚಿಕಿತ್ಸೆಗೂ ಹಾಗೆಯೇ ಎಷ್ಟು ಯತ್ನ, ಎಷ್ಟು ಹಣ ಎಂಬುದನ್ನು ಪತಿಪತ್ನಿಯರು ಮೊದಲ ಚುಚ್ಚುಮದ್ದಿಗೆ ಮುಂಚೆಯೇ ನಿಶ್ಚಯಿಸಬೇಕು. ವಿಫಲವಾದ ಮರುದಿನ ಮನಸ್ಸು ಲೆಕ್ಕವನ್ನು ಸರಿಯಾಗಿ ಓದಲಾರದು. ಅಹಿಂಸೆಯ ಪ್ರಶ್ನೆಯೂ ಆಗಲೇ ಬರುತ್ತದೆ. ಉಳಿದ ಭ್ರೂಣಗಳನ್ನು ಹತ್ತು ವರ್ಷಗಳವರೆಗೆ ಮಾತ್ರ ಶೀತದಲ್ಲಿರಿಸಬಹುದು. ಆಮೇಲೆ ಅವು ನಾಶವಾಗಲು ಬಿಡುವುದು, ಇಲ್ಲವೇ ಸಂಶೋಧನೆಗೆ ಕೊಡುವುದು. ಗರ್ಭದಲ್ಲಿ ಇರಿಸುವಷ್ಟೇ ಭ್ರೂಣಗಳನ್ನು ಮಾಡಿರೆಂದು ವೈದ್ಯರನ್ನು ಕೇಳಲು ಸಂಕೋಚವೇಕೆ? ಇದರಿಂದ ಫಲದ ಸಂಭವ ಕೊಂಚ ಕುಗ್ಗಬಹುದು. ಅದನ್ನು ತಿಳಿದೇ ಕೇಳಬೇಕು.

ಅಂಡಾಶಯವನ್ನು ಪ್ರಚೋದಿಸುವ ಹತ್ತು ಹನ್ನೆರಡು ದಿನಗಳಲ್ಲಿ ನೀರನ್ನೂ ಬಿಟ್ಟ ಉಪವಾಸ ಹಿತವಲ್ಲ. ಷೋಡಶಕಾರಣ ಭಾವನೆಗಳಲ್ಲಿ ತಪವನ್ನು ಶಕ್ತಿಗೆ ತಕ್ಕಂತೆ ಎಂದೇ ವಿಧಿಸಿದೆ. ಆ ದಿನಗಳಲ್ಲಿ ರಸತ್ಯಾಗ, ಸ್ವಾಧ್ಯಾಯಗಳು ಸಾಲವೆ?

ಪುತ್ರನಿಲ್ಲದವರಿಗೆ ಗತಿಯಿಲ್ಲವೆಂಬ ಮಾತು ಜಿನಾಗಮದ್ದಲ್ಲ, ನೆರೆಯಿಂದ ನಮ್ಮ ಮನೆಗಳಿಗೆ ನುಸುಳಿದ್ದು. ಜೀವದ ಗತಿ ತನ್ನ ಕರ್ಮದಿಂದ, ಪುತ್ರನಿಡುವ ಪಿಂಡದಿಂದಲ್ಲ. ಕರ್ಮಸಿದ್ಧಾಂತವನ್ನು ಸೊಸೆಯ ಮೇಲೆ ಮಾತ್ರ ಪ್ರಯೋಗಿಸುವ ಅತ್ತೆಯಂದಿರೂ ಇದ್ದಾರೆ. ಸಂತಾನಹೀನತೆಗೆ ಕಾರಣ ಎಷ್ಟೋ ಸಲ ಪುರುಷನಲ್ಲಿಯೇ ಇರುತ್ತದೆ.

ಕಲ್ಪಿಸಿದ ಆ ದಂಪತಿಗಳು ಎರಡೇ ಯತ್ನವೆಂದು, ತೋಟವನ್ನು ಅಡವಿಡಬಾರದೆಂದು ನಿಶ್ಚಯಿಸಿದರೆನ್ನೋಣ. ಎರಡನೆಯದೂ ವಿಫಲವಾಯಿತು. ಅಂದು ಆಕೆ ಅತ್ತರೆ ಅದು ವ್ರತಭಂಗವಲ್ಲ. ನೋಂಪಿಯಲ್ಲಿ ಏನು ಲೋಪವಾಯಿತೆಂದು ಮನೆಯವರು ಕೇಳದಿರಲಿ. ಅನಂತನೋಂಪಿಯ ಅವಧಿ ಹದಿನಾಲ್ಕು ವರ್ಷ. ಆಕೆಗೆ ಇನ್ನೂ ಹನ್ನೆರಡು ಉಳಿದಿವೆ.